ಮೇಷ್ಟ್ರು ಬೋರ್ಡಿನ ಮೇಲೆ ಬರೆದ ‘ಜಡುಬ್ಬರ’

ಮೊನ್ನೆ ನಂಜನಗೂಡಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿ ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಗಿಗೆ ಹಿಡಿದರು. ಆ ವಾಸನೆಗೆ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ನೆನಪಾದರು...

ತೊಂಬತ್ತರ ದಶಕದ ಕೊನೆ. ನಾನು ಟಿ. ನರಸೀಪುರದಲ್ಲಿ ಬಿ.ಎ. ಓದುತ್ತಿದ್ದೆ. ಗಂಟಲಿನ ಕಾಯಿಲೆಯಿಂದ ಮೇಷ್ಟ್ರ ದನಿ ಅರ್ಧ ಹೋಗಿತ್ತು. ಆದರೂ ಕರ್ಚೀಫಿಗೆ ಹಾಕಿದ ನೀಲಗಿರಿ ಎಣ್ಣೆ ಮೂಸಿಕೊಂಡೇ ಕ್ಲಾಸಿಗೆ ಬರುತ್ತಿದ್ದರು, ಪಾಠ ಬಿಡುತ್ತಿರಲಿಲ್ಲ. ಕನ್ನಡ ಮಾಧ್ಯಮದ ನಾವು ಇಂಗ್ಲಿಷ್ ಪದಗಳನ್ನು ಅರ್ಥವಾಗದೆ ಉರು ಹೊಡೆದರೆ ಅವರಿಗೆ ಸಂಕಟವಾಗುತ್ತಿತ್ತು.

ಅವತ್ತು ‘ಸ್ಟ್ಯಾಗ್‌ಫ್ಲೇಶನ್’ ಪಾಠ. ದುಡಿಮೆ, ವ್ಯಾಪಾರ ಎಲ್ಲ ನಿಂತುಹೋಗಿರುತ್ತದೆ, ಬೆಲೆ ಮಾತ್ರ ಏರುತ್ತಲೇ ಇರುತ್ತದೆ ಎಂದು ವಿವರಿಸಿದರು. ಬೋರ್ಡಿನ ಮೇಲೆ ‘ಸ್ಥಗಿತ ಹಣದುಬ್ಬರ’ ಎಂದು ಬರೆದು, ಅಳಿಸಿಬಿಟ್ಟರು.

“ಹೀಗಂದ್ರೆ ಉಬ್ಬರವೇ ನಿಂತೋಯ್ತು ಅಂತ ಆಗುತ್ತೆ ಕಣ್ರಮ್ಮ.”

ಹಿಂದಿನ ಬೆಂಚಿನಿಂದ ನನ್ನ ಗೆಳತಿ ಎದ್ದಳು. ಅವಳದು ತಲಕಾಡಿನ ಕಡೆಯ ಹಳ್ಳಿ.

“ಸಾ, ದನಕ್ಕೆ ಒಟ್ಟೆ ಉಬ್ಬರ ಬಂದಂಗಾ? ಮ್ಯಾಕ್ಕೇಳಕ್ಕಾಗಕಿಲ್ಲ, ಒಟ್ಟೆ ಮಾತ್ರ ಊದ್ಕತಾನೇ ಇರ್ತದೆ.”

ಇಡೀ ಕ್ಲಾಸು ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. ಬೋರ್ಡಿನತ್ತ ತಿರುಗಿ, ‘ಜಡ’ಕ್ಕೆ ಅವಳ ‘ಉಬ್ಬರ’ ಕೂಡಿಸಿ ದೊಡ್ಡದಾಗಿ ಬರೆದರು: ಜಡುಬ್ಬರ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ನಾವೆಲ್ಲ ಆ ಪದವನ್ನೇ ಬರೆದೆವು. ಮೈಸೂರಿನಲ್ಲಿ ಪೇಪರು ತಿದ್ದುವಾಗ, ಇಂಥ ಪದವೇ ಇಲ್ಲವೆಂದು ಒಬ್ಬರು ಉತ್ತರಗಳನ್ನು ಹೊಡೆದುಹಾಕುತ್ತಿದ್ದರಂತೆ. ಅಲ್ಲೇ ಇದ್ದ ನಮ್ಮ ಮೇಷ್ಟ್ರು ಎದ್ದರಂತೆ. ಮಾತಾಡಲು ಹೋದರೆ ದನಿಯೇ ಹೊರಡಲಿಲ್ಲ... ಸೀಮೆಸುಣ್ಣ ತೆಗೆದುಕೊಂಡು, ಉಬ್ಬರ ಬಂದು ಮಲಗಿದ ಹಸುವಿನಿಂದ ಹಿಡಿದು ಬಾಗಿಲು ಮುಚ್ಚಿದ ಕಾರ್ಖಾನೆಯವರೆಗೆ ಎಲ್ಲವನ್ನೂ ಬೋರ್ಡಿನ ತುಂಬ ಬರೆದು ತೋರಿಸಿದರಂತೆ. ಕೆಳಗೆ, ‘ಈ ಪದ ನನ್ನದಲ್ಲ, ನನ್ನ ವಿದ್ಯಾರ್ಥಿನಿಯದು’ ಎಂದೂ ಸೇರಿಸಿದರಂತೆ. ಕೊನೆಗೆ ಹಿರಿಯ ಪರೀಕ್ಷಕರು ಒಪ್ಪಿ ಅಂಕ ಕೊಡಿಸಿದರು. ಇದನ್ನು ನಮಗೆ ಹೇಳಿದವರು ಅಲ್ಲಿದ್ದ ಇನ್ನೊಬ್ಬ ಉಪನ್ಯಾಸಕರು. ಮೇಷ್ಟ್ರು ಒಂದು ದಿನವೂ ಬಾಯಿಬಿಡಲಿಲ್ಲ. ಆ ಮನುಷ್ಯನ ಎತ್ತರ ನನಗೆ ಇವತ್ತಿಗೂ ಅಳತೆಗೆ ಸಿಕ್ಕಿಲ್ಲ.

ಕೆಲವೇ ವರ್ಷಗಳಲ್ಲಿ ಆ ಕಾಯಿಲೆಯೇ ಅವರನ್ನು ಕೊಂಡೊಯ್ದಿತು. ಪದವೂ ಯಾವ ನಿಘಂಟಿಗೂ ಸೇರಲಿಲ್ಲ.

ಬಸ್ಸಿಳಿದವಳೇ ಗೆಳತಿಗೆ ಫೋನ್ ಮಾಡಿ ಮೇಷ್ಟ್ರು ನೆನಪಾದರು ಎಂದೆ.

“ನಾನ್ ಏಳಿದ್ ಮಾತ್ನ ಬೋರ್ಡ್ ಮ್ಯಾಲೆ ಬರ್ದೋರು ಅವ್ರೊಬ್ರೇ ಕಣೆ,” ಎಂದಳು.