ರಾಣಿಯ ಕೆನ್ನೆಯ ಎರಡು ಗೆರೆ

ಹಳೆಯ ರಾಗಿಯ ವಾಸನೆ ನಿಮಗೂ ಗೊತ್ತಿರಬಹುದು. ನೆಲದೊಳಗೆ ತಿಂಗಳುಗಟ್ಟಲೆ ಬೆಚ್ಚಗೆ ಮಲಗಿದ್ದ ರಾಗಿಯದು. ಕಮಟು, ಸಿಹಿ, ಸ್ವಲ್ಪ ಮಣ್ಣು. ಮೊನ್ನೆ ಚಾಮರಾಜನಗರದ ಅಂಗಡಿಯೊಂದರಲ್ಲಿ ಮೂಟೆ ಬಿಚ್ಚಿದಾಗ ಅದು ಮೂಗಿಗೆ ಬಡಿಯಿತು. ಚೀಲ ಅಲ್ಲೇ ಬಿಟ್ಟು ಹೊರಗೆ ಬಂದು ನಿಂತೆ. ಭೀಮನಬೀಡಿನ ನಮ್ಮ ಮನೆಯ ಹಿತ್ತಲಲ್ಲಿ ಹಗೇವಿತ್ತು. ಎರಡಾಳು ಆಳದ, ಹೂಜಿಯಂತೆ ಬಾಯಿ ಚಿಕ್ಕದಾಗಿ ಹೊಟ್ಟೆ ದೊಡ್ಡದಾದ, ರಾಗಿ ತುಂಬಿಡುವ ಗುಂಡಿ. ಅಪ್ಪನ ತಾಯಿಯನ್ನು ನಾವೆಲ್ಲ ಅವ್ವ ಎನ್ನುತ್ತಿದ್ದೆವು. ಪ್ರತಿ ಸಲ ಹಗೇವು ತುಂಬುವ ಮೊದಲು ಅವಳು ಬೆಳ್ಳಿ ರೂಪಾಯಿಯೊಂದಕ್ಕೆ ವಿಭೂತಿ ಹಚ್ಚಿ ತಳಕ್ಕೆ ಹಾಕುತ್ತಿದ್ದಳು. ರಾಗಿ ಬರಿದಾದಾಗಲೇ ಅದು ಮತ್ತೆ ಕಣ್ಣಿಗೆ ಬೀಳುವುದು.

ನಾಣ್ಯದ ಮೇಲೆ ರಾಣಿಯ ಮುಖ. ಅವಳ ಕೆನ್ನೆಯಲ್ಲಿ ಮೂರು ಪುಟ್ಟ ಮುದ್ರೆಗಳು, ಅವುಗಳ ಕೆಳಗೆ ಎರಡು ಆಳವಾದ ಗೆರೆ. "ಯಾರೋ ರಾಣಿ ಕೆನ್ನೆ ಕಚ್ಬುಟ್ಟವ್ರೆ ಕಣಮ್ಮಿ" ಎಂದು ನನ್ನನ್ನು ನಗಿಸುತ್ತಿದ್ದ ಚಿಕ್ಕಪ್ಪನಿಗೆ, ಕಾಲೇಜಿನಲ್ಲಿ ಚರಿತ್ರೆ ಓದತೊಡಗಿದ ಮೇಲೆ ಅದೇ ಗೀಳಾಯಿತು. ಒಮ್ಮೆ ಹಗೇವು ಬರಿದಾದಾಗ ನಾಣ್ಯವನ್ನು ಗುಂಡ್ಲುಪೇಟೆಯ ಬೆಳ್ಳಿ ಕೆಲಸದ ಆಚಾರಿಗೆ ತೋರಿಸಿ ಬಂದಿದ್ದ. "ಈ ಮೂರು ಚಿನಿವಾರರ ಮುದ್ರೆ ಕಣಪ್ಪ, ಬೆಳ್ಳಿ ಪರೀಕ್ಷೆ ಮಾಡಿ ಒಡ್ದಿರೋದು. ಈ ಎಲ್ಡು ಗೆರೆ ಅವ್ರುದಲ್ಲ. ನಿಮ್ಮನೇವ್ರುನ್ನೇ ಕೇಳು" ಎಂದಿದ್ದರಂತೆ ಆಚಾರಿ. ಕೇಳಿದರೆ ಅವ್ವ, "ಅದ್ನೆಲ್ಲ ಕೇಳ್ಬಾರ್ದು, ಸುಮ್ಕಿರ್ಲಾ" ಎಂದು ಮೊರ ಕೊಡವಿ ಎದ್ದುಹೋಗಿದ್ದಳು.

ತೊಂಬತ್ತರ ದಶಕದ ಒಂದು ಬೇಸಿಗೆ, ನನಗಾಗ ಒಂಬತ್ತು. ಹಗೇವಿನ ತಳದಲ್ಲಿ ಒಂದೆರಡು ಕೊಳಗ ರಾಗಿ ಮಾತ್ರ ಉಳಿದಿತ್ತು. ಚಪ್ಪಡಿ ಸರಿಸಿ, ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು ಪದ್ಧತಿ. ಅಪ್ಪ ಆಗಷ್ಟೇ ಚಪ್ಪಡಿ ಸರಿಸಿ ದನದ ಕೊಟ್ಟಿಗೆಯತ್ತ ಹೋಗಿದ್ದ, ಅವ್ವ ದೀಪ ಹುಡುಕಲು ಒಳಗಿದ್ದಳು. ಚಿಕ್ಕಪ್ಪನ ಜೇಬಿನಲ್ಲಿ ಯಾರಿಂದಲೋ ತಂದ ಭೂತಗನ್ನಡಿ. "ಅವ್ವಂಗೆ ಏಳ್ಬೇಡ ಕಣಮ್ಮಿ, ಇಂಗೋಗಿ ಅಂಗ್ ಬತ್ತೀನಿ" ಎಂದು ಹಗ್ಗ ಹಿಡಿದು ಇಳಿದ. "ಸಿಕ್ತು" ಎಂದ. ಆಮೇಲೆ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು, ಹಾಗೇ ಪಕ್ಕಕ್ಕೆ ಒರಗಿದ. ನನ್ನನ್ನು ಹೆದರಿಸಲು ಆಟ ಆಡುತ್ತಿದ್ದಾನೆಂದು ನಾನು ನಕ್ಕೆ. ಎಷ್ಟು ಹೊತ್ತು ನಕ್ಕೆ ಎಂದು ಇವತ್ತಿಗೂ ಲೆಕ್ಕ ಹಾಕುತ್ತೇನೆ. ಮುಚ್ಚಿದ ಹಗೇವಿನ ತಳದಲ್ಲಿ ಕಟ್ಟಿಕೊಂಡು ದೀಪವನ್ನೂ ಉಸಿರನ್ನೂ ಆರಿಸುವ ಆ ಕೆಟ್ಟ ಗಾಳಿಯ ಹೆಸರನ್ನು ಮುಂದೆ ಕಾಲೇಜಿನಲ್ಲಿ ಕಲಿತೆ. ಅದರಿಂದ ಏನೂ ಹಗುರಾಗಲಿಲ್ಲ.

ನಾನು ಕಿರುಚಿದ್ದಕ್ಕೆ ಅಪ್ಪ ಓಡಿಬಂದು ಹಗ್ಗಕ್ಕೆ ಕೈಹಾಕಿದ. ಅವ್ವ ಅವನ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಬುಡವ್ವ, ಸಾಯ್ತಾವ್ನೆ!"

"ನೀನೂ ಇಳುದ್ಬುಟ್ರೆ ಇಬ್ರುನ್ನೂ ಯಾರ್ಲಾ ಎತ್ತೋರು? ನೀರ್ ಉಯ್ಯಿ ಮೊದ್ಲು!"

ಅಕ್ಕಪಕ್ಕದವರೂ ಸೇರಿ ಕೊಡಗಟ್ಟಲೆ ನೀರು ಸುರಿದರು. ಬೇವಿನ ಕೊಂಬೆಗಳನ್ನು ಹಗ್ಗಕ್ಕೆ ಕಟ್ಟಿ, ಎತ್ತಿ ಇಳಿಸಿ, ಮಜ್ಜಿಗೆ ಕಡೆದಂತೆ ಒಳಗಿನ ಗಾಳಿಯನ್ನು ಕಡೆದರು. ಅವ್ವ ದೀಪ ಇಳಿಬಿಟ್ಟಳು, ಆರಿತು. ಮತ್ತೆ ಬಿಟ್ಟಳು, ಆರಿತು. ಕೆಳಗೆ ಬಿದ್ದಿದ್ದವನು ಅವಳ ಕಿರಿಯ ಮಗ. ಆದರೂ ಅವಳು ಬತ್ತಿ ಸರಿಮಾಡಿ ಮತ್ತೆ ಹೊತ್ತಿಸಿದಳು. ಮೂರನೆಯ ಸಲ ಜ್ವಾಲೆ ಬಾಗಿತು, ಕುಗ್ಗಿತು, ನಿಂತಿತು. ಆಗ ಅಪ್ಪನ ಸೊಂಟಕ್ಕೆ ತಾನೇ ಹಗ್ಗ ಬಿಗಿದು ಇಳಿಸಿದಳು.

ಜಗಲಿಯ ಮೇಲೆ ಚಿಕ್ಕಪ್ಪ ಕೆಮ್ಮಿ ಕಣ್ಣು ಬಿಟ್ಟಾಗ ಅವ್ವ ಅವನಿಗೊಂದು ಬಾರಿಸಿ, ಮುಷ್ಟಿ ಬಿಡಿಸಿ ನಾಣ್ಯ ತೆಗೆದಳು. "ನಿಮ್ಮಪ್ಪಂಗೆ ಇಬ್ರು ಅಣ್ಣಂದಿರು ಇದ್ರು. ಮೊದ್ಲು ಇಳ್ದೋನ್ದು ಈ ಗೆರೆ. ಅವ್ನ ಎತ್ತಕೆ ಅಂತ ಇಂದೇನೆ ಇಳ್ದೋನ್ದು ಇದು. ನಮ್ಮತ್ತೆ ಉಳೀಲಿ ಕುಯ್ದಿಟ್ಳು. ಅನ್ನದ ಗುಂಡಿ ಅತ್ರ ಸಾವಿನ್ ಮಾತಾಡ್ಬಾರ್ದು ಅಂತ ನನ್ ಕೈಲಿ ಆಣೆ ಆಕುಸ್ಕಂಡಿದ್ಳು. ನಾನೂ ಬಾಯ್ ಮುಚ್ಕಂಡಿದ್ದೆ ನೋಡು" ಎಂದಳು. ನಾವು ಉಂಡ ಪ್ರತಿ ಮುದ್ದೆಯ ಕೆಳಗೆ ಆ ತಾಯಿಯ ಕೈಬರಹವಿತ್ತು.

ಹಗೇವನ್ನು ಮತ್ತೆ ತುಂಬಲಿಲ್ಲ. ಅದರ ಮೇಲೀಗ ಯಾರದೋ ಸಿಮೆಂಟಿನ ಅಂಗಳ. ಅವ್ವ ಹೋದಳು, ಅಪ್ಪ ಹೋದ, ಚಿಕ್ಕಪ್ಪನೂ ತಲೆ ನರೆತ ಮೇಲೆ ತನ್ನ ಹಾಸಿಗೆಯಲ್ಲೇ ಕಣ್ಣು ಮುಚ್ಚಿದ. ನಾಣ್ಯ ನನ್ನಲ್ಲಿದೆ. ಆ ಎರಡು ಗೆರೆಗಳಾಚೆ, ರಾಣಿಯ ಕತ್ತಿನವರೆಗೂ ಬೆಳ್ಳಿ ನುಣ್ಣಗಿದೆ. ಇನ್ನೆರಡು ಗೆರೆಗೆ ಸಾಕಾಗುವಷ್ಟು ಜಾಗ. ಅಲ್ಲಿ ಏನೂ ಇಲ್ಲ.