ಸುಶೀಲಾ ಮಾಮಿಯ ಸೀರೆ ಮಹಡಿ

ನಾನು ನೋಡಿದ ಸುಶೀಲಾ ಮಾಮಿಯ ಮೊದಲ ಮಹಡಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ಬಿದಿರು, ಬಿದಿರಿನ ಸುತ್ತ ಹಳೇ ಸೀರೆಗಳು. ಒಂದು ಮಾವಿನಕಾಯಿ ಬಾರ್ಡರಿನದು, ಒಂದು ಯಾರದೋ ಮದುವೆಯಲ್ಲಿ ಕೊಟ್ಟ ನೈಲೆಕ್ಸು, ಇನ್ನೊಂದರ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತು. ಒಂದು ಹೆಂಚಿನ ಮನೆಯ ತಲೆಯ ಮೇಲೆ ಇದೆಲ್ಲ ಹಾರಾಡುತ್ತಿದ್ದರೆ, ಅರವತ್ತು ದಾಟಿದ ಮಾಮಿ ಕೆರೆ ಏರಿಯ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತು, ಕನ್ನಡಕದ ಮೇಲಿಂದ ಅದನ್ನೇ ನೋಡುತ್ತಿದ್ದರು. ನಾನು ಅವರ ಆಫೀಸಿಗೆ ಸೇರಿ ಇನ್ನೂ ಒಂದು ವಾರವಷ್ಟೇ ಆಗಿತ್ತು. ಇದ್ಯಾವ ಹುಚ್ಚೋ, ಇವರನ್ನು ನಂಬಿಕೊಂಡು ಚೆನ್ನೈನ ಗಿಂಡಿಯಲ್ಲಿದ್ದ ಒಳ್ಳೇ ಕೆಲಸ ಬಿಟ್ಟು ಬಂದೆನಲ್ಲ ಅಂತ ನನ್ನನ್ನೇ ಬೈದುಕೊಂಡೆ.

ಮಾಮಿ ಆರ್ಕಿಟೆಕ್ಟ್. ಅಣ್ಣಾ ನಗರದ ಅವರ ಮನೆಯ ಕೆಳಗಿನ ಹಾಲೇ ಆಫೀಸು. ಮುತ್ತಜ್ಜನ ಕಾಲದಲ್ಲೇ ಮದರಾಸಿಗೆ ಬಂದು ನೆಲೆಸಿದ ಮಾಧ್ವರ ಮನೆಯವರು. ಏಕಾದಶಿ ತಪ್ಪಿಸದ ಹಾಗೆ ಕನ್ನಡವನ್ನೂ ತಪ್ಪಿಸಿರಲಿಲ್ಲ, ಆದರೆ ಅದರೊಳಗೆ ಅರ್ಧಕ್ಕರ್ಧ ತಮಿಳು. 'ಅಪ್ಪುರಂ' ಇಲ್ಲದೆ ಅವರ ಮಾತು ಮುಂದಕ್ಕೇ ಹೋಗುತ್ತಿರಲಿಲ್ಲ. ನಮ್ಮ 'ಆಮೇಲೆ'ಗೆ ಆ ಮನೆಯಲ್ಲಿ ಕೆಲಸವೇ ಇಲ್ಲ. ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ನಾನು ಮಂಡ್ಯದವಳು, ಹಾಗಾಗಿ ನಾನು 'ಮಂಡ್ಯ'. "ಮಂಡ್ಯ, ಸಾಪಾಡು ಆಯ್ತಾ?" ಅಂತ ಕೇಳುವುದು, ಆಯ್ತು ಮಾಮಿ ಅಂದರೂ ಕ್ಯಾರಿಯರ್ ಬಿಚ್ಚಿ ಎಲೆಗೆ ಮೊಸರನ್ನ ಹಾಕುವುದು. ಸೈಟಿನಲ್ಲಿ ಕೂತು ಊಟ ಮಾಡದೆ ಅವರು ಯಾವ ಮನೆಯ ನಕ್ಷೆಗೂ ಒಂದು ಗೆರೆ ಎಳೆದವರಲ್ಲ.

ಚೆನ್ನೈನಿಂದ ದಕ್ಷಿಣಕ್ಕೆ ಎರಡು ಗಂಟೆ ದಾರಿಯ ಆ ಊರಲ್ಲಿ ಹಕ್ಕಿಗಳು ಬಂದು ಮರಿ ಮಾಡುವ ಒಂದು ಕೆರೆಯಿದೆ. ಕೆರೆ, ಸುತ್ತಲ ಗದ್ದೆ, ಏರಿಯ ಕೆಳಗಿನ ಹೆಂಚಿನ ಮನೆಗಳ ಸಾಲು, ಎಲ್ಲ ಸೇರಿ ಸಂರಕ್ಷಿತ ಪ್ರದೇಶ. ಅಲ್ಲಿ ಗೋಡೆ ಎತ್ತರಿಸುವುದಿರಲಿ, ಹೆಂಚು ಬದಲಾಯಿಸಬೇಕಾದರೂ ಒಂದು ಸಮಿತಿಯ ಅನುಮತಿ ಬೇಕು. ಮಾಮಿ ಆ ಸಮಿತಿಯಲ್ಲಿದ್ದರು, ಕಟ್ಟಡದ ವಿಷಯಕ್ಕೆ ಅವರ ಮಾತೇ ಕೊನೆ. ಮಹಡಿ ಬೇಕು ಅಂತ ಯಾರೇ ಬರಲಿ, ಮೊದಲು ಅಷ್ಟೇ ಎತ್ತರಕ್ಕೆ ಬಿದಿರು ನಿಲ್ಲಿಸಿ ಸೀರೆ ಸುತ್ತಬೇಕು, ಆಮೇಲೆ ಮಾಮಿಯ ಜತೆ ಏರಿಯ ಮೇಲೆ ನಿಂತು ಅದು ಕಣ್ಣಿಗೆ, ಹಕ್ಕಿಗೆ ಅಡ್ಡವಾಗುತ್ತದಾ ಅಂತ ನೋಡಬೇಕು. ನಕ್ಷೆಯಲ್ಲಿ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ ಅನ್ನುವುದು ಅವರ ವಾದ. "ನಾನು ಬೇಡ ಅಂದ್ರೆ ಸಂಡೆಗೆ ಬರ್ತಾರೆ. ಅವರೇ ಕಣ್ಣಾರೆ ನೋಡ್ಲಿ, ಅಪ್ಪುರಂ ನಾನು ಬಾಯೇ ಬಿಡಬೇಕಾಗಿಲ್ಲ" ಅನ್ನುತ್ತಿದ್ದರು. ಸಂಡೆ ಅಂದರೆ ಅವರ ಭಾಷೆಯಲ್ಲಿ ಜಗಳ.

ಆ ಮೊದಲ ದಿನದ ಮಹಡಿ, ವಾರಕ್ಕೊಮ್ಮೆ ಕಾರಿನಲ್ಲಿ ಬಂದು ಹೋಗುವ ಒಬ್ಬ ಪಟ್ಟಣದ ಯಜಮಾನನದು. ಆಳೆತ್ತರದ ಗಾಜಿನ ಕಿಟಕಿ ಇಟ್ಟು ಸ್ನೇಹಿತರನ್ನು ಕರೆಯುವ ಆಸೆ ಅವನಿಗೆ. ಏರಿಯ ಮೇಲೆ ನಿಂತು ನನಗೆ ಅರ್ಥವಾಗದ ಇಂಗ್ಲಿಷಿನಲ್ಲಿ ಏನೇನೋ ವಿವರಿಸುತ್ತಿದ್ದ. ಅಷ್ಟರಲ್ಲಿ ಮೇಕೆ ಹೊಡೆದುಕೊಂಡು ಬಂದ ಮುದುಕಿಯೊಬ್ಬಳು ಸೀರೆಗಳನ್ನು ನೋಡಿ, ಟೆಂಟ್ ಸಿನಿಮಾ ಬಂದಿದೆಯಾ, ಯಾವ ಪಿಕ್ಚರ್ ಹಾಕ್ತಾರೆ ಅಂತ ಬಹಳ ಆಸೆಯಿಂದ ಕೇಳಿದಳು. ಯಜಮಾನನ ಮುಖ ಇಷ್ಟು ಚಿಕ್ಕದಾಯಿತು. ಮಾಮಿ ಕ್ಯಾರಿಯರ್ ಬಿಚ್ಚಿದರು. ಅವನಿಗೂ ಎಲೆ ಹಾಕಿ ಮೊಸರನ್ನ ಬಡಿಸಿದರು. ಸಂಜೆ ಅವನೇ ಡ್ರೈವರನ್ನು ಕರೆದು ಸೀರೆ ಬಿಚ್ಚಿಸಿದ.

ಹಾಗಂತ ಎಲ್ಲದಕ್ಕೂ ಬೇಡ ಅನ್ನುವ ಜಾತಿಯಲ್ಲ ಮಾಮಿ. ಅದೇ ಊರಿನ ಪೂಂಗೊಡಿಯ ಅತ್ತೆ, ಬಚ್ಚಲಿಗೆ ಅಂಗಳ ದಾಟುವಾಗ ಬಿದ್ದು ಸೊಂಟ ಮುರಿದುಕೊಂಡರು. ಗೋಡೆಗೆ ಅಂಟಿಸಿ ಒಂದು ಬಚ್ಚಲು, ಒಂದು ಚಿಕ್ಕ ಕೋಣೆ ಕೇಳಿದಳು ಪೂಂಗೊಡಿ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಅಂತ ಸಮಿತಿಯ ಮಿಕ್ಕವರು ಒಪ್ಪಲಿಲ್ಲ. ಮಾಮಿ ಸೀರೆ ಕಟ್ಟಿಸಿ, ಎಲ್ಲರನ್ನೂ ಬಿಸಿಲಲ್ಲಿ ಏರಿ ಹತ್ತಿಸಿ, ಎಲ್ಲಿದೆ ತೋರಿಸಿ ಅಂದರು. ಬೇವಿನ ಮರದ ಹಿಂದೆ ಒಂದು ನೂಲೂ ಕಾಣಲಿಲ್ಲ. ಅನುಮತಿ ಸಿಕ್ಕಿತು. ಬಿಸಿಲಿಗೆ ತಲೆ ತಿರುಗಿದ ಒಬ್ಬ ಸದಸ್ಯರು ಮಾತ್ರ ಅಲ್ಲಿಂದಾಚೆಗೆ ಮಾಮಿಯ ಜತೆ ಮಾತು ಬಿಟ್ಟರು.

ಮಾಮಿಗೆ ಅದೇ ಊರಿನಲ್ಲಿ, ಏರಿಯ ಕೆಳಗೇ, ಪೂಂಗೊಡಿಯ ಮನೆಯ ಪಕ್ಕದಲ್ಲಿ, ಒಂದು ಹೆಂಚಿನ ಮನೆಯಿತ್ತು. ಅದನ್ನು ಕೊಳ್ಳಿಸಿದವರು ಅವರ ಯಜಮಾನರು ಗುರುರಾಜ್ ಮಾಮ. ಮಣಲಿಯ ಕಾರ್ಖಾನೆಗಳ ನಡುವೆ ಎಂಜಿನಿಯರಾಗಿ ಆಯುಷ್ಯ ಕಳೆದ ಆ ಮನುಷ್ಯನಿಗೆ ಹಕ್ಕಿಯ ಹುಚ್ಚು. ನಿವೃತ್ತಿಯಾದದ್ದೇ ತಡ, ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಬೆಳಿಗ್ಗೆ ಸಂಜೆ ಏರಿಯ ಮೇಲೇ ಇರುತ್ತಿದ್ದರು. ನನ್ನ ಹೆಂಡತಿ ತಾನು ಉಟ್ಟದ್ದಕ್ಕಿಂತ ಊರಿಗೆ ಉಡಿಸಿದ ಸೀರೆಯೇ ಜಾಸ್ತಿ ಅಂತ ಸಿಕ್ಕಿದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಮಾಮಿ ಅರ್ಧ ವಾರ ಅಣ್ಣಾ ನಗರದಲ್ಲಿ, ಅರ್ಧ ವಾರ ಅಲ್ಲಿ.

ಮಾಮನಿಗೆ ಲಕ್ವ ಹೊಡೆಯಿತು. ಎಡಭಾಗ ಬಿದ್ದುಹೋಯಿತು, ಮಂಚವೇ ಗತಿ. ಮನೆಯ ಕಿಟಕಿಯಿಂದ ಕಾಣುವುದು ಏರಿಯ ಮಣ್ಣು. ಅದರ ಆಚೆಗಿನ ನೀರು ನೆಲದಿಂದ ಯಾರಿಗೂ ಕಾಣುವುದಿಲ್ಲ. ಒಮ್ಮೆ ಊರಿನವರು ಪ್ರೀತಿಯಿಂದ ಕುರ್ಚಿಯಲ್ಲಿ ಕೂರಿಸಿ ಏರಿಗೆ ಹೊತ್ತುಕೊಂಡು ಹೋದರು. ಮೇಲೆ ಹೋದ ಮಾಮ ಹಕ್ಕಿ ನೋಡಲಿಲ್ಲ, ತಲೆ ತಗ್ಗಿಸಿ ಕೂತಿದ್ದರು. ಇನ್ನೊಂದು ಸಲ ನನ್ನನ್ನು ಹೊರಬೇಡಿ ಅಂದರು. ಕೆಲವು ದಿನದ ಮೇಲೆ ಮಾಮಿಯನ್ನು ಕರೆದು ಕೇಳಿದರಂತೆ, ಮೇಲೆ ಒಂದೇ ಒಂದು ರೂಮು ಸಾಕು ಸುಶೀ, ಒಂದು ಸಲ ಹತ್ತಿಸಿಬಿಡು, ಅಲ್ಲೇ ಇರ್ತೀನಿ, ಮಲಗಿದ ಕಡೆಯಿಂದ ನೀರು ಕಾಣಲಿ.

ಒಂದು ಕಿಟಕಿಗೆ ವಾರಗಟ್ಟಲೆ ಯೋಚಿಸುವ ಮಾಮಿ ಆ ರೂಮನ್ನು ಒಂದು ಬೆಳಿಗ್ಗೆಯಲ್ಲಿ ಬರೆದು ಮುಗಿಸಿದರು. ಬರೆಯುತ್ತಾ ಹಾಡಿಕೊಳ್ಳುತ್ತಿದ್ದರು, ನಾನೇ ಕೇಳಿದ್ದೇನೆ. ತಮ್ಮದೇ ಅರ್ಜಿಯಾದ್ದರಿಂದ ನಿರ್ಧಾರಕ್ಕೆ ತಾವು ಕೂರುವುದಿಲ್ಲ ಅಂತ ಸಮಿತಿಗೆ ತಿಳಿಸಿದರು. ಮಿಕ್ಕವರು ಭಾನುವಾರ ಬಂದು ನೋಡುವುದು ಅಂತಾಯಿತು. ಶನಿವಾರ ಮಧ್ಯಾಹ್ನ ನಾನು, ಮಾಮಿ, ಪೂಂಗೊಡಿ ಸೇರಿ ಸೀರೆ ಕಟ್ಟಿದೆವು. ಅಭ್ಯಾಸಬಲದಿಂದ ನಾನು ಏಣಿ ಹತ್ತಿ ಟೇಪು ಹಿಡಿದೆ. ನಕ್ಷೆಗಿಂತ ಒಂದು ಮೊಳ ಕಮ್ಮಿ.

ಮಾಮಿಗೆ ಹೇಳಿದೆ. ನಿನ್ನ ಟೇಪು ಸರಿಯಿಲ್ಲ ಅಂದರು. ಟೇಪು ಅವರದೇ. ಇನ್ನೊಂದು ಸಲ ಅಳೆ ಅಂದರು, ಅಳೆದೆ, ಅಷ್ಟೇ. ನಾಳೆ ಬರುವವರಲ್ಲಿ ಏಣಿ ಹತ್ತುವ ಗಂಡಾಳು ಒಬ್ಬನೂ ಇಲ್ಲ, ಇರಲಿ ಬಿಡಿ ಮಾಮಿ ಅಂದೆ. ಇವತ್ತು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ. ಮಾಮಿ ಜಗಲಿಯ ಮೇಲೆ ಕೂತುಬಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡರು. "ಬಿದಿರು ನಾನೇ ಕೊಯ್ಯಿಸಿದ್ದು, ಮಂಡ್ಯ. ಗುರುತು ಹಾಕುವಾಗ ಕೈ ತಾನಾಗೇ ಕೆಳಗೆ ಹೋಯ್ತು" ಅಂದರು. ಎದ್ದು, ಉದ್ದನೆಯ ಬಿದಿರು ತರಲು ಪೂಂಗೊಡಿಯನ್ನು ಕಳಿಸಿದರು.

ಸರಿಯಾದ ಎತ್ತರಕ್ಕೆ ಕಟ್ಟಿ ಮುಗಿಸುವಾಗ ಸಂಜೆಯಾಗಿತ್ತು. ಏರಿಯ ಮೇಲೆ ನಿಂತೆವು. ಗದ್ದೆಯ ಕಡೆಯಿಂದ ಕೊಕ್ಕರೆಗಳು ಗೂಡಿಗೆ ಬರುವ ಹೊತ್ತು ಅದು. ಆ ಊರಿನ ಹೆಂಚುಗಳನ್ನು ಸವರಿಕೊಂಡೇ ಅವು ಬರುತ್ತವೆ, ಅಷ್ಟು ತಗ್ಗಿನಲ್ಲಿ. ಮೊದಲ ಹಿಂಡು ನೇರವಾಗಿ ಮಾಮಿಯ ಮನೆಯ ಕಡೆಗೇ ಬಂತು. ಹತ್ತಿರ ಬಂದದ್ದೇ ಬೆದರಿ ಎರಡು ಪಾಲಾಗಿ, ಸುತ್ತು ಹಾಕಿಕೊಂಡು ಹೋಯಿತು. ಎರಡನೆಯದೂ ಹಾಗೆಯೇ.

ನನಗೆ ತಡೆಯಲಾಗಲಿಲ್ಲ. ಬಟ್ಟೆ ಹಾರಾಡುತ್ತಿದೆ, ಅದಕ್ಕೆ ಹೆದರಿವೆ ಮಾಮಿ, ಗೋಡೆ ಏನು ಹಾರಾಡುತ್ತಾ, ಒಂದು ತಿಂಗಳಲ್ಲಿ ಅಭ್ಯಾಸ ಆಗುತ್ತೆ ಅಂತ ಜೋರಾಗಿಯೇ ಹೇಳಿದೆ.

"ಇರಬಹುದು" ಅಂದರು ಮಾಮಿ. "ಆದ್ರೆ ಮಿಕ್ಕವರಿಗೂ ನಾನು ಬಟ್ಟೆ ತಾನೇ ಕಟ್ಟಿಸಿದ್ದು?"

ನಾನೇ ಏಣಿ ಹತ್ತಿದೆ. ಸೀರೆ ಬಿಚ್ಚಿದೆವು. ಯಾರೂ ಬರುವುದು ಬೇಡ, ಅರ್ಜಿ ವಾಪಸು ತಗೊಂಡಿದ್ದೇನೆ ಅಂತ ಮಾಮಿ ಸಮಿತಿಗೆ ಫೋನು ಮಾಡಿದರು. ಆಮೇಲೆ ಒಳಗೆ ಹೋದರು. ನಾನು ಜಗಲಿಯಲ್ಲೇ ಇದ್ದೆ, ಎಲ್ಲ ಕೇಳಿಸುತ್ತಿತ್ತು. ಮಾಮ ಕಿರುಚಲಿಲ್ಲ. "ನಾನು ನಿನ್ನ ಗಂಡ ಸುಶೀ, ಅರ್ಜಿದಾರ ಅಲ್ಲ" ಅಂದರು, ಅಷ್ಟೇ. ಮಾಮಿ ಅಳುವುದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಲ್ಲಿಂದ ಮಾಮ ಹೆಂಡತಿಯ ಜತೆ ಮಾತು ಬಿಟ್ಟರು. ನೀರು ಬೇಕಾದರೂ ಪೂಂಗೊಡಿಯ ಮೂಲಕ ಕೇಳುವುದು. ಮಾಮಿ ಸೊರಗಿಹೋದರು. ಕೊನೆಗೆ ಒಂದು ದಿನ, ಮಂಚದ ನೇರಕ್ಕೆ ಮೇಲಿನ ಹೆಂಚು ತೆಗೆದು ಗಾಜಿನ ಹೆಂಚು ಹಾಕಬಹುದಲ್ಲ ಅಂತ ಹೊಳೆಯಿತು. ಅದಕ್ಕೂ ಅರ್ಜಿ ಹಾಕಿದರು ಮಹಾತಾಯಿ. ಸಮಿತಿಯವರು ನಕ್ಕು ಅನುಮತಿ ಕೊಟ್ಟರು. ಹೆಂಚು ಕೂರಿಸಿದ ಸಂಜೆ ಹಿಂಡು ಹಿಂಡಾಗಿ ಹಕ್ಕಿಗಳು ಮಾಮನ ಮುಖದ ಮೇಲೇ ಹಾದುಹೋದವು. ಇಷ್ಟು ವರ್ಷ ಬೆನ್ನು ನೋಡಿದ್ದೆ, ಈಗ ಹೊಟ್ಟೆ ಕಾಣ್ತಿದೆ ಅಂತ ನನ್ನ ಹತ್ತಿರ ಖುಷಿಯಾಗಿ ಹೇಳಿದರು. ಹೆಂಡತಿಗೆ ಮಾತ್ರ, ಗಾಜಿನಿಂದ ಸೆಕೆ ಜಾಸ್ತಿಯಾಯಿತು, ರೂಮು ಇದ್ದಿದ್ದರೆ ಗಾಳಿಯಾದರೂ ಬರುತ್ತಿತ್ತು ಅಂದರು. ಅಂತೂ ಮಾತಾಡಿದರಲ್ಲ ಅಂತ ಮಾಮಿಗೆ ಜೀವ ಬಂತು. ಆಮೇಲೆ ದಿನಾ ಅದೇ ರೂಮಿನ ಜಗಳ, ಕಾಫಿಯ ಜತೆಗೆ.

ಮೊದಲು ಹೋಗುವವರು ಮಾಮ ಅಂತ ನಾವೆಲ್ಲ ಒಳಗೊಳಗೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆವು. ಹೋದದ್ದು ಮಾಮಿ. ಅಣ್ಣಾ ನಗರದ ಮನೆಯಲ್ಲಿ ಬೆಳಿಗ್ಗೆ ಕಾಫಿ ಕುಡಿದು ಕುರ್ಚಿಗೆ ಒರಗಿದವರು ಏಳಲೇ ಇಲ್ಲ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಹೀಗೆ ಹೇಳದೆ ಕೇಳದೆ ಎದ್ದು ಹೋಗುವವರಾ ಇವರು ಅಂತ ಅವರ ಮೇಜಿನ ಮುಂದೆ ನಿಂತು ಬೈದೆ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಾಮನನ್ನು ನೋಡಲು ಆ ಊರಿಗೆ ಹೋದೆ. ಪೂಂಗೊಡಿ ಅವರಿಗೆ ಗಂಜಿ ಕುಡಿಸುತ್ತಿದ್ದಳು. ಸಮಿತಿಯವರು ಬಂದಿದ್ದರು ಅಂದರು ಮಾಮ. ಮಾತು ಬಿಟ್ಟಿದ್ದವರೂ ಬಂದು ಕಣ್ಣೀರು ಹಾಕಿದರಂತೆ. ಎಲ್ಲರೂ ಮಾತಾಡಿಕೊಂಡು ಬಂದಿದ್ದರಂತೆ, ಮಾಮಿಯ ನೆನಪಿಗೆ ಆ ಒಂದು ರೂಮು ಕಟ್ಟಿಕೊಳ್ಳಿ, ಅನುಮತಿ ನಾವು ಕೊಡುತ್ತೇವೆ ಅಂತ. ನನಗೆ ಎಷ್ಟು ಸಂತೋಷವಾಯಿತೆಂದರೆ, ಮಾಮಿ ಬರೆದ ನಕ್ಷೆ ಹಾಗೇ ಇದೆ, ನಾಳೆಯೇ ತರುತ್ತೇನೆ ಅಂದೆ.

ಮಾಮ ತಲೆಯಾಡಿಸಿದರು. ಬೇಡ ಅಂತ ಹೇಳಿ ಕಳಿಸಿದೆ ಅಂದರು.

ಮಾಮಿ ಇದ್ದಿದ್ದರೆ ನಿಮ್ಮ ಈ ಮಾತಿಗೆ ಎಷ್ಟು ಹೆಮ್ಮೆಪಡುತ್ತಿದ್ದರು ಅಂತ ನಾನು ಶುರುಮಾಡಿದೆ. ಬಲಗೈ ಎತ್ತಿ ನನ್ನನ್ನು ತಡೆದರು.

"ಹೆಮ್ಮೆನೂ ಇಲ್ಲ, ಮಣ್ಣೂ ಇಲ್ಲ. ರೂಮು ಕಟ್ಟಿಬಿಟ್ರೆ, ನಾಳೆಯಿಂದ ನಾನು ಅವಳ ಹತ್ರ ಏನಂತಮ್ಮಾ ಜಗಳ ಆಡ್ಲಿ?"