ಬದುವಿನ ಉನ್ಹಾಳಿ

ನನ್ನ ಮೊದಲ ಕೂಸು ಹುಟ್ಟಿದ ದಿನವೇ ಹೋಯಿತು. ನಾನು ಅದರ ಮುಖ ನೋಡಲಿಲ್ಲ. ಎಳೆಕೂಸಿಗೆ ನಮ್ಮಲ್ಲಿ ಕಲ್ಲು ನೆಡುವುದಿಲ್ಲ, ಹೆತ್ತವಳು ಮಣ್ಣಿಗೆ ಹೋಗುವುದೂ ಇಲ್ಲ. ನಮ್ಮ ಮನೆಯವರೇ, ಕೂಸಿನ ಅಪ್ಪ, ಬಟ್ಟೆಯಲ್ಲಿ ಸುತ್ತಿ ಹೊಲಕ್ಕೆ ಒಯ್ದರು, ಬಂದು ಕೈಕಾಲು ತೊಳೆದರು, ಆಮೇಲೆ ಆ ಮಾತನ್ನೇ ಎತ್ತಲಿಲ್ಲ. ಎಲ್ಲಿ ಇಟ್ಟಿರಿ ಎಂದು ನಾನು ಅತ್ತೆಯನ್ನು ಒಮ್ಮೆ ಮಾತ್ರ ಕೇಳಿದೆ. "ಉನ್ಹಾಳಿ ಬುಡಕ್ಕ," ಅಂದರು.

ನಾನು ಜೇವರ್ಗಿಯವಳು. ಅತ್ತೆ ನನ್ನ ಗಂಡನೂರು ಹಿರೋಳ್ಳಿಗೆ ಸೊಸೆಯಾಗಿ ಬಂದದ್ದು ಗಡಿಯಾಚೆಯಿಂದ. ಆಡುವುದರಲ್ಲಿ ಅರ್ಧ ಮರಾಠಿ. ಉನ್ಹಾಳಿ ಅಂದರೆ ನನಗೆ ಗೊತ್ತಿದ್ದದ್ದು ಬೇಸಿಗೆ ಪೀಕು. ಬಾವಿ ಪಕ್ಕದ ತುಣುಕಿನಲ್ಲಿ ವರ್ಷ ವರ್ಷ ಉನ್ಹಾಳಿ ಶೇಂಗಾ ಹಾಕುತ್ತಿದ್ದರು. ಅದರ ಕೆಳಗೇ ಇಟ್ಟಿದ್ದಾರೆ ಅಂದುಕೊಂಡೆ.

ಅಂದಿನಿಂದ ಆ ತುಣುಕಿನೊಳಗೆ ಕಾಲಿಡಲಿಲ್ಲ. ಮನೆಯಲ್ಲಿ ಊಟಕ್ಕೆ ಶೇಂಗಾ ಹಿಂಡಿ ಕುಟ್ಟಿದರೂ ಮುಟ್ಟಲಿಲ್ಲ. ಸೊಸೆಗೆ ಸೊಕ್ಕು ಅಂತ ಓಣಿ ತುಂಬ ಆಡಿಕೊಂಡರು. ಆಡಿಕೊಳ್ಳಲಿ, ಊರ ಬಾಯಿ ಮುಚ್ಚುವ ತ್ರಾಣ ನನ್ನಲ್ಲಿರಲಿಲ್ಲ. ಅಳುವೂ ಬರುತ್ತಿರಲಿಲ್ಲ. ಹಲ್ಲು ಕೀಳಲು ಸೂಜಿ ಚುಚ್ಚಿದ ದವಡೆಯ ಹಾಗಿತ್ತು ಒಳಗೆಲ್ಲ. ಮುಂದೆ ಎರಡು ಮಕ್ಕಳಾದವು, ಬೆಳೆದವು. ನಾವು ಜೇವರ್ಗಿಗೆ ಬಂದು ಮನೆ ಮಾಡಿದೆವು, ಅತ್ತೆ ಮೈದುನನ ಜೊತೆ ಹಿರೋಳ್ಳಿಯಲ್ಲೇ ಉಳಿದರು. ನನ್ನ ಒಳಗಿನ ಜಡ ಮಾತ್ರ ಹಾಗೇ ಇತ್ತು.

ಹೊಲಕ್ಕೆ ಹೋದಾಗೆಲ್ಲ ಬುತ್ತಿ ಉಣ್ಣಲು ದೂರದ ಒಂದು ಬದುವಿಗೆ ಹೋಗಿ ಕೂರುತ್ತಿದ್ದೆ, ಶೇಂಗಾ ತುಣುಕು ಕಣ್ಣಿಗೆ ಬೀಳದಿರಲಿ ಅಂತ. ಅಲ್ಲೊಂದು ನೇರಳೆ ಹೂವಿನ ಗಿಡ, ಮೊಣಕಾಲೆತ್ತರ. ನನ್ನ ತವರಿನಲ್ಲಿ ಅದಕ್ಕೆ ಕೊಗ್ಗಿ ಅನ್ನುತ್ತೇವೆ. ಬೇಸಿಗೆಗೆ ಸತ್ತಂತೆ ಒಣಗಿ, ಮಳೆ ಬಿದ್ದರೆ ಅದೇ ಬೇರಿನಿಂದ ಮತ್ತೆ ಚಿಗುರುವ ಕಸ.

ಹೋದ ಎಳ್ಳಮಾವಾಸ್ಯೆಗೆ ಹಿರೋಳ್ಳಿಗೆ ಹೋದಾಗ ಹೊಲದಲ್ಲಿ ಅತ್ತೆಗೆ ಹಲ್ಲುನೋವು. ಹಳ್ಳದ ಕಡೆಯಿಂದ ಉನ್ಹಾಳಿ ಬೇರು ತಾ, ಜಗಿಯುತ್ತೇನೆ ಅಂದರು. ಶೇಂಗಾ ಬಿತ್ತಲು ಇನ್ನೂ ಹೊತ್ತಿದೆಯಲ್ಲ ಅಂದೆ. ಅವರಿಗೆ ನೋವಿನಲ್ಲೂ ನಗು. ಜೇವರ್ಗಿಯಾಕಿಗೆ ಬಸ್ಸಿನ ಹೊತ್ತು ತಿಳಿಯುತ್ತದೆ, ಗಿಡ ತಿಳಿಯುವುದಿಲ್ಲ ಎಂದು ಚೇಷ್ಟೆ ಮಾಡಿದರು. ಆಮೇಲೆ ಗುರುತು ಹೇಳಿಕೊಟ್ಟರು: ಸಣ್ಣ ಎಲೆಯ ತುದಿ ಹಿಡಿದು ಜಗ್ಗು, ನೆಟ್ಟಗೆ ಹರಿಯುವುದಿಲ್ಲ, ಬಾಣದ ಬಾಲದ ಹಾಗೆ ಕವಲಾಗಿ ಹರಿಯುತ್ತದೆ.

ಹಳ್ಳದ ದಂಡೆಯಲ್ಲಿ ಹುಡುಕಿದೆ. ಹಾಗೆ ಹರಿದದ್ದು ಕೊಗ್ಗಿ ಎಲೆ. ಎಲೆ ಕೈಯಲ್ಲೇ ಹಿಡಿದು ತಿರುಗಿ ಬಂದೆ. ಕೂಸನ್ನು ಇಟ್ಟದ್ದು ಈ ಗಿಡದ ಬುಡಕ್ಕಾ ಎಂದು ಕೇಳಿದೆ.

"ಹೂಂ, ಇದೇ ಗಿಡಾ. ನೀ ಬುತ್ತಿ ಉಣ್ಣಾಕ ಕುಂದರ್ತಿದ್ದೆಲ್ಲ, ಅಲ್ಲೇ," ಅಂದರು ಅತ್ತೆ. "ಕೂಸಿನ ಜೋಡಿ ಉಣ್ತಾಳ, ಉಣ್ಲಿ ಅಂತ ನಾ ಯಾವತ್ತೂ ಆ ಕಡಿ ಬರ್ಲಿಲ್ಲ ಯವ್ವಾ."

ಒಂದು ಮಾತಿನ ಸಲುವಾಗಿ ಇಷ್ಟು ವರ್ಷ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಲೆ ಹಿಡಿದೇ ಅತ್ತೆಯ ಪಕ್ಕದಲ್ಲಿ ಕೂತೆ.

ಬದುವಿನ ಆ ಗಿಡವನ್ನು ಕಿತ್ತು ತರುವ ಹಾಗಿಲ್ಲ. ಬೇರು ಆಳಕ್ಕೆ ಇಳಿದಿರುತ್ತದೆ, ಕಡಿದರೆ ಬದುಕುವುದಿಲ್ಲ. ಬದುಕುವಂತಿದ್ದರೂ ಅಲ್ಲಿ ನಾನು ಗುದ್ದಲಿ ಹಾಕುತ್ತಿರಲಿಲ್ಲ. ಅದರ ಒಣಗಿದ ಕಾಯಿಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಜೇವರ್ಗಿಗೆ ತಂದೆ. ಮೊದಲು ಹಾಕಿದ ಬೀಜ ಒಂದೂ ಏಳಲಿಲ್ಲ, ಸಿಪ್ಪೆ ಅಷ್ಟು ಗಟ್ಟಿ. ಎರಡನೆಯ ಸಲ ಕಲ್ಲಿಗೆ ತುಸು ಉಜ್ಜಿ, ಬಿಸಿನೀರಿನಲ್ಲಿ ನೆನೆಹಾಕಿ, ಎಣ್ಣೆ ಡಬ್ಬಿಯಲ್ಲಿ ಮಣ್ಣಿಗೆ ಸಣ್ಣ ಕಲ್ಲಿನ ಗರಸು ಬೆರೆಸಿ ಊರಿದೆ. ಮೂರು ಎದ್ದವು.

ಅವು ಗೇಣುದ್ದ ಆದಾಗ ಮನೆಯವರು ಚಹಾ ಹಿಡಿದು ಡಬ್ಬಿಯ ಮುಂದೆ ನಿಂತರು. ಇದೇನು ಕಸ ಹಚ್ಚಿದ್ದೀ ಅಂದರು. ಉನ್ಹಾಳಿ, ನಮ್ಮ ಬದುವಿನದು ಅಂದೆ. ಅವರು ಕಪ್ಪನ್ನು ಕೆಳಗಿಟ್ಟರು. ಡಬ್ಬಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ತಲಿ ತುಂಬ ಕೂದಲಿತ್ತು," ಅಂದರು. "ಗುಂಗುರು. ನಿನ್ನಂಗ."

ಇನ್ನೊಮ್ಮೆ ಹೇಳ್ರಿ, ಅಂದೆ.